ಬೋಗುಣಿಯಯ್ಯನ ಕಾಲು

ಆ ಊರಿನಲ್ಲಿ ಉಪ್ಪು ಬಿಟ್ಟರೆ ಬೇರೇನೂ ಬೆಳೆಯುತ್ತಿರಲಿಲ್ಲ. ಕಣ್ಣು ಹಾಯುವಷ್ಟು ದೂರವೂ ಬಿಳಿ ಪಾತಿಗಳು, ಪಾತಿಗಳ ನಡುವೆ ಬಿಳಿ ಬದುಗಳು, ಬದುಗಳ ಮೇಲೆ ಬುಟ್ಟಿ ಹೊತ್ತು ನಡೆಯುವ ಜನ. ಮಗು ನಡೆಯಲು ಕಲಿತ ದಿನವೇ ಅದರ ಅಂಗಾಲಿಗೆ ಉಪ್ಪು ಹತ್ತುತ್ತಿತ್ತು. ಆಮೇಲೆ ಸಾಯುವ ತನಕ ಬಿಡುತ್ತಿರಲಿಲ್ಲ. ಊರಿಗೆ ಒಂದು ಹೆಸರಿತ್ತೋ ಇಲ್ಲವೋ, ಯಾರಿಗೂ ನೆನಪಿಲ್ಲ. ಹೆಸರು ಬೇಕಾಗುವುದು ಹೊರಗಿನಿಂದ ಬರುವವರಿಗೆ. ಅಲ್ಲಿಗೆ ಯಾರು ಬರುತ್ತಾರೆ?

ಹಿಂದೆ ಒಬ್ಬ ಬಂದಿದ್ದನಂತೆ. ಸೊಂಟಕ್ಕೆ ಅರಿವೆ ಸುತ್ತಿಕೊಂಡು, ಮಂಡಿಯೂರಿ, ಊರಿನ ಎಲ್ಲರ ಕಾಲು ತೊಳೆದನಂತೆ. ಆಮೇಲೆ ಅವರ ಜೊತೆಯಲ್ಲೇ ಕೂತು ರೊಟ್ಟಿ ಮುರಿದನಂತೆ. ಅವನು ಹೋದ ಮೇಲೆ ಊರವರು ಅವನು ಕೂತಿದ್ದ ಜಾಗದಲ್ಲಿ ಪ್ರಾರ್ಥನೆಯ ಮನೆ ಕಟ್ಟಿದರು, ಬಾಗಿಲ ಮೇಲಿನ ಕಲ್ಲಿನಲ್ಲಿ ಒಂದು ಸಾಲು ಕೆತ್ತಿಸಿದರು: ಉಪ್ಪಿನ ಕಾಲು ಒಳಗೆ ಬರಬಾರದು. ಅವನ ಬೋಗುಣಿಯನ್ನು ಜೋಪಾನವಾಗಿ ಇಟ್ಟುಕೊಂಡರು. ಅವನ ಕೆಲಸಕ್ಕೆ ತಮ್ಮೊಳಗೊಬ್ಬನನ್ನು ನಿಲ್ಲಿಸಿದರು. ಅವನೇ ಬೋಗುಣಿಯಯ್ಯ. ಆ ಊರಿಗೆ ಬೇರೆ ಗೌಡನಿಲ್ಲ, ಬೇರೆ ಪಾರುಪತ್ಯಗಾರನಿಲ್ಲ. ಯಾರು ಎಲ್ಲರ ಕಾಲು ತೊಳೆಯುತ್ತಾನೋ ಅವನ ಮಾತೇ ಕಡೆಯ ಮಾತು.

ಪದ್ಧತಿಗೆ ಇನ್ನೊಂದು ಮುಖವಿತ್ತು. ತೊಳೆಯುವವನ ಕಾಲನ್ನು ಯಾರೂ ತೊಳೆಯುವಂತಿಲ್ಲ, ಅವನೂ ತೊಳೆದುಕೊಳ್ಳುವಂತಿಲ್ಲ. ತೊಳೆಯದ ಕಾಲು ಹೊಸ್ತಿಲು ದಾಟುವಂತಿಲ್ಲ. ಹೀಗಾಗಿ ಬೋಗುಣಿಯಯ್ಯನಾದವನು ಊರನ್ನೆಲ್ಲ ಒಳಗೆ ಕಳುಹಿಸಿ ತಾನು ಹೊರಗೇ ಉಳಿಯುತ್ತಿದ್ದ. ಅವನ ಜಾಗಕ್ಕೆ ಇನ್ನೊಬ್ಬರು ಸಿಕ್ಕಿದ ದಿನ ಆ ಇನ್ನೊಬ್ಬರು ಅವನ ಕಾಲು ತೊಳೆಯುತ್ತಾರೆ, ಆ ದಿನ ಅವನು ಒಳಗೆ ಹೋಗುತ್ತಾನೆ. ಅಲ್ಲಿಯ ತನಕ ಗೋಡೆಯಾಚೆ.

ನಮ್ಮ ಬೋಗುಣಿಯಯ್ಯ ಗೋಡೆಯಾಚೆ ಕೂತು ಮೂವತ್ತು ವರ್ಷ ಆಗಿತ್ತು. ಚಿಕ್ಕವರನ್ನು ಒಳಗೆ ಬಿಡುತ್ತಿರಲಿಲ್ಲ, ಒಳಗೆ ಹೋಗುವ ಪ್ರಾಯ ಬಂದ ದಿನವೇ ಅವನು ಬೋಗುಣಿ ಹಿಡಿದಿದ್ದ, ಹೀಗಾಗಿ ಒಳಗನ್ನು ಕಂಡೇ ಇರಲಿಲ್ಲ.

ಏಳನೆಯ ದಿನ ಬಂತೆಂದರೆ ಅವನು ಬೆಳ್ಳಂಬೆಳಗ್ಗೆ ಎದ್ದು, ಅಡ್ಡೆಯ ಎರಡು ತುದಿಗೆ ಎರಡು ಕೊಡ ನೇತುಹಾಕಿಕೊಂಡು, ಪಾತಿಗಳನ್ನೆಲ್ಲ ದಾಟಿ ಸಿಹಿನೀರಿನ ಬಾವಿಗೆ ನಡೆಯುತ್ತಿದ್ದ. ಬರಿಗೈಯಲ್ಲಿ ನಡೆದರೆ ಒಂದು ಗಳಿಗೆಯ ದಾರಿ, ತುಂಬಿದ ಕೊಡಕ್ಕೆ ಎರಡು. ಬಂದು ಬಾಗಿಲ ಹೊರಗಿದ್ದ ಕೂರುವ ಕಲ್ಲಿನ ಮುಂದೆ ಮಂಡಿಯೂರಿ ಬೋಗುಣಿ ಇಡುತ್ತಿದ್ದ. ಸಾಲು ಮುಂದಕ್ಕೆ ಸರಿಯುತ್ತಿತ್ತು. ಎಡಗಾಲು ಮೊದಲು, ಬಲಗಾಲು ಆಮೇಲೆ. ಹಿಮ್ಮಡಿಯಿಂದ ಬೆರಳಿಗೆ, ಬೆರಳಿನಿಂದ ಹಿಮ್ಮಡಿಗೆ. ಅರಿವೆಯಿಂದ ಒರೆಸಿ, ಹೊಸ್ತಿಲ ಕಡೆ ತಿರುಗಿಸಿ, ಹೋಗು ಎನ್ನುತ್ತಿದ್ದ. ಮುಂದಿನ ಕಾಲು. ಎಡಗಾಲು ಮೊದಲು, ಬಲಗಾಲು ಆಮೇಲೆ.

ಅವನು ಒಳ್ಳೆಯ ಬೋಗುಣಿಯಯ್ಯ. ಅದನ್ನು ಮೊದಲೇ ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನದು ಕೇಳಿ ನೀವು ಅವನ ಮೇಲೆ ಹಗುರವಾಗಿ ಮಾತಾಡುತ್ತೀರಿ. ಒಂದು ಸಲ ಪಾತಿಗಳ ಯಜಮಾನ ಮನೆಯಲ್ಲೇ ಪನ್ನೀರಿನಲ್ಲಿ ಕಾಲು ತೊಳೆದುಕೊಂಡು, ಇಬ್ಬರು ಆಳುಗಳ ಹೆಗಲ ಮೇಲೆ ಬಂದಿಳಿದು, ತನಗೆ ಸಾಲು ಬೇಡವೆಂದ. ಅಯ್ಯ ಸಾಲಿನ ಬಾಲದ ಕಡೆ ಒಮ್ಮೆ ನೋಡಿದ, ಅಷ್ಟೇ. ಯಜಮಾನ ಹೋಗಿ ಉಪ್ಪು ಕೆರೆಯುವ ಹೆಂಗಸರ ಹಿಂದೆ ನಿಂತ. ಅವನ ಸರದಿ ಬಂದಾಗ ಅಯ್ಯ ಆ ಹೆಂಗಸರ ಕಾಲಿಗೆ ಎಷ್ಟು ನೀರು ಹಾಕಿದ್ದನೋ ಅಷ್ಟೇ ಹಾಕಿದ. ಹೆಚ್ಚೂ ಇಲ್ಲ, ಸೇಡಿಗೆಂದು ಕಡಿಮೆಯೂ ಇಲ್ಲ. ಇನ್ನೊಂದು ಸಲ ಒಂದು ಬದುವಿಗಾಗಿ ಹೊಡೆದಾಡಿಕೊಂಡ ಅಣ್ಣತಮ್ಮಂದಿರು ಬಂದರು. ಅಯ್ಯ ಇಬ್ಬರ ನಾಲ್ಕು ಕಾಲನ್ನೂ ಒಂದೇ ಬೋಗುಣಿಯಲ್ಲಿ ಇಡಿಸಿದ. ಬೋಗುಣಿ ಸಣ್ಣದು, ಬೀಳಬಾರದೆಂದರೆ ಒಬ್ಬರ ಹೆಗಲು ಒಬ್ಬರು ಹಿಡಿಯಬೇಕು. ಅವನು ಬೇಕೆಂದೇ ನಿಧಾನವಾಗಿ ತೊಳೆದ. ಅವರು ಮೊದಲು ಹಲ್ಲು ಕಚ್ಚಿಕೊಂಡಿದ್ದರು, ಆಮೇಲೆ ಒಬ್ಬ ನಕ್ಕ, ಇನ್ನೊಬ್ಬ ಅತ್ತ.

ಬಾವಿ ತಳ ಕಂಡ ವರ್ಷ ಸಾಲಿನ ಕಡೆಯಲ್ಲಿದ್ದ ಬಾಗಿಲಜ್ಜಿಗೆ ನೀರು ಸಾಲದೆ ಹೋಯಿತು. ಬಾಗಿಲು ತೆರೆದು ಮುಚ್ಚುವ ಕೆಲಸ ಅವಳದು. ಎಲ್ಲರೂ ಒಳಗೆ ಹೋದ ಮೇಲೆ ಕಡೆಯವಳಾಗಿ ಹೋಗುತ್ತಿದ್ದಳು. ಅಯ್ಯ ತಾನು ಕುಡಿಯಲೆಂದು ಇಟ್ಟುಕೊಂಡಿದ್ದ ಚೊಂಬನ್ನು ಅವಳ ಕಾಲಿಗೆ ಬಗ್ಗಿಸಿದ. ಆ ದಿನ ಬಿಸಿಲಲ್ಲಿ ಅವನ ನಾಲಿಗೆ ಒಣಗಿ ಅಂಗುಳಕ್ಕೆ ಅಂಟಿಕೊಂಡದ್ದು ಯಾರಿಗೂ ಗೊತ್ತಿಲ್ಲ. ಕಾಲು ನೋಡಿ ಅವನಿಗೆ ಎಲ್ಲರ ಗುಟ್ಟೂ ಗೊತ್ತಾಗುತ್ತಿತ್ತು: ಯಾರು ಯಾರ ಪಾತಿ ತುಳಿದು ಬಂದಿದ್ದಾರೆ, ಯಾರು ಮನೆಯಲ್ಲಿ ಒದೆಸಿಕೊಂಡಿದ್ದಾರೆ, ಯಾರು ಊರು ಬಿಡಲು ಹೋಗಿ ಅರ್ಧದಾರಿಯಿಂದ ತಿರುಗಿದ್ದಾರೆ. ಒಂದು ಗುಟ್ಟೂ ಅವನ ಬಾಯಿಂದ ಹೊರಗೆ ಬಿದ್ದದ್ದಿಲ್ಲ. ಕದ್ದವನ ಕಾಲನ್ನು ಸ್ವಲ್ಪ ಹೆಚ್ಚು ಹೊತ್ತು ಹಿಡಿದಿರುತ್ತಿದ್ದ. ಮಾರನೆಯ ದಿನ ಕದ್ದದ್ದು ಜಾಗಕ್ಕೆ ಬಂದಿರುತ್ತಿತ್ತು.

ಎಲ್ಲರೂ ಒಳಗೆ ಹೋದ ಮೇಲೆ ಬಾಗಿಲು ಮುಚ್ಚುತ್ತಿತ್ತು. ಒಳಗೆ ಹಾಡು ಏಳುತ್ತಿತ್ತು. ಅವನು ಕೊಳೆನೀರನ್ನು ಚೆಲ್ಲಿ, ಬೋಗುಣಿಯನ್ನು ಬೋರಲು ಹಾಕಿ, ಗೋಡೆಗೆ ಬೆನ್ನು ಕೊಟ್ಟು ಕೂರುತ್ತಿದ್ದ. ಹಾಡಿನ ಏರಿಳಿತವೆಲ್ಲ ಅವನಿಗೆ ಬೆನ್ನಿನಿಂದಲೇ ಗೊತ್ತು. ಹಾಡು ನಿಂತು ಮೌನವಾದಾಗ, ಈಗ ರೊಟ್ಟಿ ಮುರಿಯುತ್ತಿದ್ದಾರೆ ಅಂದುಕೊಳ್ಳುತ್ತಿದ್ದ. ಯಾರ ಪಕ್ಕ ಯಾರು ಕೂತಿದ್ದಾರೋ, ಎಷ್ಟು ಬೆಳಕಿದೆಯೋ ಎಂದು ಊಹಿಸುತ್ತಿದ್ದ. ತನ್ನನ್ನು ಅಲ್ಲಿ ಯಾರಾದರೂ ನೆನೆಯುತ್ತಾರೆಯೇ ಎಂದು ಮೊದಮೊದಲು ಅನ್ನಿಸುತ್ತಿತ್ತು. ಆಮೇಲೆ ಹಾಗೆ ಅನ್ನಿಸುವುದನ್ನು ಬಿಟ್ಟ. ಸಾಯುವ ಮುಂಚೆ ಒಂದೇ ಒಂದು ಸಲ ಒಳಗೆ ಹೋಗಬೇಕು, ಅವರ ನಡುವೆ ಕೂರಬೇಕು ಎಂಬ ಆಸೆಯೊಂದನ್ನು ಮಾತ್ರ ಬಿಡಲಾಗಲಿಲ್ಲ.

ಹಾಗಿದ್ದರೆ ಇನ್ನೊಬ್ಬರನ್ನು ಆರಿಸಬಾರದಿತ್ತೇ ಎಂದು ನೀವು ಕೇಳುತ್ತೀರಿ. ಅಲ್ಲೇ ಇರುವುದು ತೊಡಕು.

ವರ್ಷಕ್ಕೊಂದು ದಿನ, ಕಡೆಯ ಉಪ್ಪಿನ ರಾಶಿಗೆ, ಮಳೆಗೆ ಕರಗದಂತೆ, ಗರಿ ಹೊದಿಸಿದ ಮೇಲೆ ಬರುವ ಏಳನೆಯ ದಿನ, ಬೋಗುಣಿಯಯ್ಯ ತಾನೇ ಕಲ್ಲಿನ ಮೇಲೆ ಕೂರುತ್ತಾನೆ. ಆ ಕೆಲಸಕ್ಕೆ ಮನಸ್ಸಿರುವವರು ಬಂದು ಅವನ ಕಾಲು ತೊಳೆಯಬೇಕು. ಅವನು ಕಾಲನ್ನು ನೀರಿನಲ್ಲೇ ಬಿಟ್ಟರೆ ಬಂದವರು ಯೋಗ್ಯರು. ಹಿಂದಕ್ಕೆ ಎಳೆದುಕೊಂಡರೆ ಅಲ್ಲ. ಯಾಕೆ ಎಂದು ಅವನು ಹೇಳಬೇಕಾಗಿಲ್ಲ, ಯಾರೂ ಕೇಳುವಂತಿಲ್ಲ. ಮೂವತ್ತು ವರ್ಷದಲ್ಲಿ ಒಂಬತ್ತು ಮಂದಿ ಬಂದಿದ್ದರು. ಒಂಬತ್ತು ಸಲವೂ ಅವನು ಕಾಲು ಹಿಂದಕ್ಕೆ ಎಳೆದುಕೊಂಡಿದ್ದ.

ಊರವರು ಕಾರಣಗಳನ್ನು ತಾವೇ ಹುಡುಕಿಕೊಂಡರು. ಆ ವಿದ್ಯೆಯಲ್ಲಿ ಅವರು ಬಹಳ ಗಟ್ಟಿಗರು. ಇಪ್ಪತ್ತೆಂಟು ವರ್ಷದ ಹಿಂದೆ ಮೊದಲು ಬಂದವನು ಉಪ್ಪಿನ ಬುಟ್ಟಿ ಹೆಣೆಯುವವನು. ಅಯ್ಯ ಕಾಲು ಎಳೆದುಕೊಂಡ ಮಾರನೆಯ ದಿನದಿಂದ, ಅವನ ಬುಟ್ಟಿಯಲ್ಲಿ ಹಾಕಿದ ಉಪ್ಪು ನೀರೊಡೆಯುತ್ತದೆ ಎಂದು ಯಾರೋ ಅಂದರು. ಆಮೇಲೆ ಯಾರೂ ಅವನ ಬುಟ್ಟಿ ಮುಟ್ಟಲಿಲ್ಲ. ಅವನು ಹೆಣೆದದ್ದನ್ನೆಲ್ಲ ತನ್ನ ಮನೆಯ ಗೋಡೆಗೇ ನೇತುಹಾಕಿಕೊಂಡು ಊರ ಕಡೆಯ ಪಾತಿಯ ಬಳಿ ಒಬ್ಬನೇ ಇದ್ದ. ಆದರೂ ಪ್ರತಿ ಏಳನೆಯ ದಿನ ಬಂದು ಸಾಲಿನಲ್ಲಿ ನಿಂತು, ತನ್ನನ್ನು ಬೇಡವೆಂದವನ ಕೈಗೇ ಕಾಲು ಕೊಡುತ್ತಿದ್ದ. ಅಯ್ಯ ತೊಳೆಯುತ್ತಿದ್ದ. ಇಬ್ಬರೂ ಮಾತಾಡುತ್ತಿರಲಿಲ್ಲ.

ಒಂಬತ್ತನೆಯವಳು ಉಪ್ಪು ಕೆರೆಯುವ ಒಬ್ಬ ಹೆಂಗಸು. ಅವಳು ಕಾಲು ತೊಳೆಯಲು ಬಂದು ಹನ್ನೊಂದು ವರ್ಷವಾಗಿತ್ತು. ಅವಳ ಪಕ್ಕದಲ್ಲಿ ನಿಂತು ಉಪ್ಪು ಕೆರೆಯಲು ಯಾರೂ ಒಪ್ಪದೆ ಹೋದಾಗ, ಅವಳು ತನ್ನ ಚಾಪೆ ಸುತ್ತಿಕೊಂಡು ಹೋಗಿ ಸಿಹಿನೀರಿನ ಬಾವಿಯ ಬಳಿ ಗುಡಿಸಲು ಹಾಕಿಕೊಂಡಳು. ಬುಟ್ಟಿಯವನ ಹಾಗೆ ಸಾಲಿಗೆ ಬರಲಿಲ್ಲ. ಯೋಗ್ಯಳಲ್ಲದವಳಿಗೆ ಒಳಗೇನು ಕೆಲಸ ಎಂದಳಂತೆ. ಊರವರು ಅವಳನ್ನು ಬಾವಿಯಕ್ಕ ಎಂದರು, ಅಷ್ಟರಿಂದ ಅವಳ ಪಾಡು ಮುಗಿಯಿತು ಅಂದುಕೊಂಡರು. ಅಯ್ಯ ಕೊಡ ಹೊತ್ತು ಹೋಗುವ ಹೊತ್ತಿಗೆ ಅವಳು ನೀರು ಸೇದಿ ಕಟ್ಟೆಯ ಮೇಲೆ ಇಟ್ಟಿರುತ್ತಿದ್ದಳು. ಅವನು ಮಾತಿಲ್ಲದೆ ತುಂಬಿಕೊಂಡು ಹೊರಡುತ್ತಿದ್ದ. ಹನ್ನೊಂದು ವರ್ಷ ಹೀಗೆ. ಈ ಮೌನ ತನಗೆ ತಾನು ಹಾಕಿಕೊಂಡ ಶಿಕ್ಷೆ ಎಂದು ಅವನು ಭಾವಿಸಿದ್ದ. ಶಿಕ್ಷೆ ಅವನಿಗೆ ಬಹಳ ಅನುಕೂಲವಾಗಿತ್ತು.

ನಿಜವಾದ ಕಾರಣ ಅವನೊಬ್ಬನಿಗೆ ಗೊತ್ತಿತ್ತು. ಬೋಗುಣಿ ಹಿಡಿದ ಮೊದಲ ವರ್ಷ, ನೀರು ಹೊತ್ತು ಬರುವಾಗ, ಹೆಪ್ಪುಗಟ್ಟಿದ ಉಪ್ಪಿನ ಅಂಚಿಗೆ ಸಿಕ್ಕಿ ಅವನ ಎಡ ಹಿಮ್ಮಡಿ ಸೀಳಿತು. ತೊಳೆಯುವಂತಿಲ್ಲದ ಕಾಲು, ಗಾಯದೊಳಗೆ ಉಪ್ಪು ಸೇರಿತು, ಗಾಯ ಮಾಯಲಿಲ್ಲ. ಅವನು ಅದಕ್ಕೊಂದು ಗೋಣಿಬಟ್ಟೆ ಸುತ್ತಿದ. ವರ್ಷ ಕಳೆದ ಹಾಗೆ ಬಿರುಕು ಆಳವಾಯಿತು, ಬೆರಳುಗಳು ಕಪ್ಪಾದವು, ವಾಸನೆ ಹಿಡಿಯಿತು. ಊರಿನ ಅಂಗಾಲನ್ನೆಲ್ಲ ನೋಡಿದವನು ತನ್ನದನ್ನು ಯಾರಿಗೂ ತೋರಿಸಲಿಲ್ಲ. ಮೊದಲಿಗೆ ಅದು ನಾಚಿಕೆ. ಆಮೇಲೆ ಅವನು ಅದಕ್ಕೆ ಒಳ್ಳೆಯ ಹೆಸರು ಕೊಟ್ಟುಕೊಂಡ. ನನ್ನ ಕೈಯನ್ನು ನಂಬಿ ಬರುವವರು ನನ್ನ ಕಾಲನ್ನು ಕಂಡರೆ ನಂಬಿಕೆ ಕಳೆದುಕೊಂಡಾರು ಎಂದುಕೊಂಡ. ಯಾರಾದರೂ ಬೋಗುಣಿ ಹಿಡಿದು ಮುಂದೆ ಕೂತು, ಗೋಣಿಬಟ್ಟೆಯ ಗಂಟಿಗೆ ಕೈ ಹಾಕಿದ ಕೂಡಲೇ ಅವನ ಕಾಲು ತಾನಾಗಿ ಹಿಂದಕ್ಕೆ ಬರುತ್ತಿತ್ತು. ಒಂಬತ್ತನೆಯವಳಾದ ಆ ಹೆಂಗಸು ಗಂಟಿಗೆ ಕೈ ಹಾಕಲಿಲ್ಲ. ಬಟ್ಟೆಯ ಮೇಲೆ ಅಂಗೈ ಇಟ್ಟು ತಲೆಯೆತ್ತಿ ಅವನ ಮುಖ ನೋಡಿದಳು. ಅವಳಿಗೆ ಗೊತ್ತಾಯಿತು ಎಂದು ಅವನಿಗೆ ಗೊತ್ತಾಯಿತು. ಅವತ್ತು ಅವನು ಎಷ್ಟು ಜೋರಾಗಿ ಕಾಲು ಎಳೆದುಕೊಂಡನೆಂದರೆ ಬೋಗುಣಿಯೇ ಮಗುಚಿತು. ಬೋಗುಣಿ ಮಗುಚಿದ್ದನ್ನು ಊರು ಅಲ್ಲಿಯ ತನಕ ಕಂಡಿರಲಿಲ್ಲ. ಅವಳಲ್ಲಿ ಎಂಥ ದೊಡ್ಡ ಪಾಪವಿರಬೇಕು ಎಂದರು.

ಮೂವತ್ತನೆಯ ವರ್ಷ ಕಡೆಯ ರಾಶಿಗೆ ಗರಿ ಹೊದಿಸಿಯಾಯಿತು. ಏಳನೆಯ ದಿನ ಬಂತು. ಅಯ್ಯ ಬೆಳಗ್ಗೆ ಅಡ್ಡೆ ಹೊತ್ತು ಬಾವಿಗೆ ಹೋದ, ಕಟ್ಟೆಯ ಮೇಲಿದ್ದ ನೀರು ತುಂಬಿಕೊಂಡ, ತಿರುಗಿ ಹೊರಟ. ಅರ್ಧ ದಾರಿಯಲ್ಲಿ ಅವನ ಎಡಗಾಲು ಅವನ ಮಾತು ಕೇಳಲಿಲ್ಲ. ಎರಡೂ ಕೊಡ ಒಡೆದವು. ನೀರನ್ನು ಉಪ್ಪು ಒಂದು ಗುಟುಕಿಗೆ ಕುಡಿದುಬಿಟ್ಟಿತು. ಸುತ್ತಲೂ ಬಿಳಿ, ಮೇಲೆ ಬಿಸಿಲು, ಪಾತಿಗಳಲ್ಲಿ ಒಬ್ಬರೂ ಇಲ್ಲ. ಎಲ್ಲರೂ ಸಾಲಿನಲ್ಲಿ ನಿಂತು ಅವನಿಗಾಗಿ ಕಾಯುತ್ತಿದ್ದರು. ಕೂಗಿದರೆ ಕೇಳುವವರಿಲ್ಲ. ಕೇಳುವವರಿದ್ದರೂ ಯಾರ ಹೆಸರು ಹಿಡಿದು ಕೂಗಬೇಕೆಂದು ಅವನಿಗೆ ಹೊಳೆಯಲಿಲ್ಲ. ಮೂವತ್ತು ವರ್ಷದಲ್ಲಿ ಅವನು ಯಾರನ್ನೂ ಸಹಾಯಕ್ಕೆ ಕೂಗಿರಲಿಲ್ಲ. ಅಲ್ಲೇ ಕೂತ.

ಎಷ್ಟೋ ಹೊತ್ತಿನ ಮೇಲೆ ಬಾವಿಯ ಕಡೆಯಿಂದ ಅವಳು ಬಂದಳು. ತನ್ನ ಮನೆಯ ಎರಡು ಕೊಡ ತುಂಬಿ ತಂದಿದ್ದಳು. ಗೋಣಿಬಟ್ಟೆಯಿಂದ ಹರಿದ ರಕ್ತ ಉಪ್ಪಿನ ಮೇಲೆ ಬಿದ್ದಿತ್ತು, ಅದನ್ನು ನೋಡಿದಳು. ನೋಡಿಯೂ ಅದರ ಮಾತೆತ್ತಲಿಲ್ಲ. ಕೊಡ ಇಳಿಸಿ ಅವನ ಎದುರು ಕುಕ್ಕುರುಗಾಲಲ್ಲಿ ಕೂತು, ಹನ್ನೊಂದು ವರ್ಷ ಬಾಯಲ್ಲಿಟ್ಟುಕೊಂಡಿದ್ದ ಮಾತು ಕೇಳಿದಳು.

“ಅಯ್ಯಾ, ಅವತ್ತು ನನ್ನಲ್ಲಿ ಏನು ಕಂಡ್ರಿ?”

ಅವನು ಎಡಗಾಲನ್ನು ತನ್ನ ಕಡೆ ಎಳೆದುಕೊಂಡ.

“ಕೇಳಬಾರದು ಅಂತ ಗೊತ್ತು. ಆದ್ರೆ ನಾನೂ ಹುಡುಕಿ ಹುಡುಕಿ ಸಾಕಾಗಿದೀನಿ. ಸಿಟ್ಟು ಸಿಕ್ತು. ಹೊಟ್ಟೆಕಿಚ್ಚು ಸಿಕ್ತು. ಸಣ್ಣವಳಿದ್ದಾಗ ತಂಗಿ ಪಾಲಿನ ರೊಟ್ಟಿ ತಿಂದಿದ್ದು ನೆನಪಾಯ್ತು. ಅದರಲ್ಲಿ ಯಾವುದು ಅಂತ ಹೇಳಿಬಿಡಿ, ಸಾಕು. ಅದೊಂದನ್ನ ತಿದ್ದಿಕೊಂಡು ಸಾಯ್ತೀನಿ.”

ಅವನಿಗೆ ಎದೆಗೆ ಒದ್ದ ಹಾಗಾಯಿತು. ತಾನು ಒಂದು ಗಳಿಗೆಯ ನಾಚಿಕೆಗೆ ಕಾಲು ಎಳೆದುಕೊಂಡಿದ್ದ. ಅವಳು ಅದನ್ನು ಹಿಡಿದುಕೊಂಡು ಹನ್ನೊಂದು ವರ್ಷ ತನ್ನನ್ನು ತಾನು ಅಗೆದುಕೊಂಡಿದ್ದಳು. ಅಲ್ಲೇ ಹೇಳಿಬಿಡಬಹುದಿತ್ತು. ಕೇಳುವವಳು ಅವಳೊಬ್ಬಳೇ, ಅಷ್ಟು ಬಯಲಿನಲ್ಲಿ ಬೇರೆ ಕಿವಿಯಿಲ್ಲ, ಅವಳು ಗುಟ್ಟು ಬಿಡುವವಳೂ ಅಲ್ಲ. ಆದರೆ ಅವಳಿಗೆ ಕಳಂಕ ಹತ್ತಿದ್ದು ಇಲ್ಲಿ ಅಲ್ಲವಲ್ಲ. ಊರೆಲ್ಲ ನೋಡುತ್ತಿರುವಾಗ ಹತ್ತಿದ್ದು ಊರೆಲ್ಲ ನೋಡುತ್ತಿರುವಾಗಲೇ ಇಳಿಯಬೇಕು. ಇದು ಅವನಿಗೆ ಹೊಳೆಯಿತು, ಹೊಳೆದದ್ದೇ ಭಯವಾಯಿತು. ಮಾತು ಕಡೆಯದಾಗಿ ಉಳಿಯುವುದಿಲ್ಲ, ಸಾಲು ಉಳಿಯುವುದಿಲ್ಲ, ಒಳಗೆ ಹೋಗುವ ದಿನವೂ ಉಳಿಯುವುದಿಲ್ಲ. ಹೊಸ್ತಿಲು ತನ್ನಿಂದ ದೂರ ದೂರ ಸರಿಯುತ್ತಿರುವ ಹಾಗೆ ಕಂಡಿತು.

“ನಡಿ,” ಎಂದ. “ಅಲ್ಲಿ ಹೇಳ್ತೀನಿ.”

ಅವಳು ಕೊಡಗಳನ್ನು ಹೊತ್ತಳು. ಅವನು ಅವಳ ಹೆಗಲ ಮೇಲೆ ಕೈಯಿಟ್ಟು ಕುಂಟುತ್ತ ನಡೆದ. ಬದು ದಾಟಿದರೆ ಬದು, ಪಾತಿ ದಾಟಿದರೆ ಪಾತಿ.

ಪ್ರಾರ್ಥನೆಯ ಮನೆಯ ಅಂಗಳದಲ್ಲಿ ಊರು ನಿಂತಿತ್ತು. ಬಾವಿಯಕ್ಕನನ್ನು ಕಂಡು ಸಾಲು ಎರಡು ಹೆಜ್ಜೆ ಹಿಂದೆ ಸರಿಯಿತು. ಒಮ್ಮೆ ಬೇಡವೆನಿಸಿಕೊಂಡವಳು ಎರಡನೆಯ ಸಲ ಬರುವುದುಂಟೇ ಎಂದು ಯಜಮಾನ ಗೊಣಗಿದ. ಅಯ್ಯ ಯಾರ ಮುಖವನ್ನೂ ನೋಡದೆ ಹೋಗಿ ಕಲ್ಲಿನ ಮೇಲೆ ಕೂತ. ಎಡಗಾಲು ಮೊದಲು. ಗೋಣಿಬಟ್ಟೆಯ ಗಂಟು ಬಿಚ್ಚಲು ಹೋದ. ಮೂವತ್ತು ವರ್ಷದ ಗಂಟು, ಅಷ್ಟು ಸುಲಭಕ್ಕೆ ಬರಲಿಲ್ಲ. ಕಡೆಗೆ ಬಟ್ಟೆಯನ್ನು ಹರಿದು ಕಾಲು ಚಾಚಿದ. ಬಲಗಾಲು ಆಮೇಲೆ.

ಮುಂದಿದ್ದವರು ಮೂಗು ಮುಚ್ಚಿಕೊಂಡರು. ಹಿಂದಿದ್ದವರು ಏನೆಂದು ನೋಡಲು ಕತ್ತು ಚಾಚಿದರು.

“ನನ್ನ ಕಾಲು ಇದು,” ಎಂದ ಅಯ್ಯ. “ಇದನ್ನ ತೋರಿಸೋಕೆ ನಾಚಿಕೆಯಾಗಿ ಒಂಬತ್ತು ಸಲ ಹಿಂದಕ್ಕೆ ಎಳ್ಕೊಂಡೆ. ಬಂದವರಲ್ಲಿ ತಪ್ಪಿರಲಿಲ್ಲ. ಇವಳಲ್ಲೂ ಇರಲಿಲ್ಲ. ನೀವು ಕಾರಣ ಹುಡುಕಿದಿರಿ, ನಾನು ಸುಮ್ಮನೆ ಕೇಳಿಸ್ಕೊಂಡು ಕೂತೆ. ಬೇರೆ ಏನೂ ಕಂಡಿರಲಿಲ್ಲ ನನಗೆ. ನನ್ನ ಕಾಲೊಂದೇ ಕಂಡಿದ್ದು.”

ಒಂಬತ್ತು ಮಂದಿಯಲ್ಲಿ ನಾಲ್ವರು ಸತ್ತಿದ್ದರು, ಮೂವರು ಊರು ಬಿಟ್ಟಿದ್ದರು. ಸತ್ತವರಲ್ಲೊಬ್ಬನ ಹೆಂಡತಿ ಸೆರಗು ಬಾಯಿಗಿಟ್ಟುಕೊಂಡಳು. ಪಾತಿಗಳ ಯಜಮಾನ, ಅಯ್ಯನಾದವನು ಇದನ್ನು ಹೇಳಬಾರದಿತ್ತು, ನಮಗೆ ಗೊತ್ತಿಲ್ಲದಿದ್ದರೆ ನಡೆದುಹೋಗುತ್ತಿತ್ತು ಎಂದ. ಅವನ ಮಾತಿಗೆ ಕೆಲವರು ತಲೆಯಾಡಿಸಿದರು. ಸಾಲಿನ ಕಡೆಯಲ್ಲಿ ಬುಟ್ಟಿಯವನು ನಿಂತಿದ್ದ. ಅಯ್ಯನ ಕಾಲನ್ನು ಬಹಳ ಹೊತ್ತು ನೋಡಿದ. ಆಮೇಲೆ ಸಾಲು ಬಿಟ್ಟು, ಬೆನ್ನು ತಿರುಗಿಸಿ, ಪಾತಿಗಳ ಕಡೆ ನಡೆದುಹೋದ. ಇಪ್ಪತ್ತೆಂಟು ವರ್ಷದಲ್ಲಿ ಅವನು ಕಾಲು ತೊಳೆಸಿಕೊಳ್ಳದೆ ಹೋದದ್ದು ಅದೇ ಮೊದಲು.

ಬಾವಿಯಕ್ಕ ಬೋಗುಣಿಗೆ ನೀರು ಬಗ್ಗಿಸಿದಳು. ಅರಿವೆಯನ್ನು ಸೊಂಟಕ್ಕೆ ಸುತ್ತಿಕೊಂಡು ಮಂಡಿಯೂರಿದಳು. ಅವಳು ಸಿಟ್ಟಾಗಿದ್ದಳು, ಅದು ಅವಳ ದವಡೆಯಲ್ಲಿ ಕಾಣುತ್ತಿತ್ತು. ಆದರೆ ಕೈಯಲ್ಲಿ ಸಿಟ್ಟಿರಲಿಲ್ಲ. ಎಡಗಾಲು ಮೊದಲು. ನೀರು ತಗುಲಿದಾಗ ಉರಿ ತಲೆಗೇರಿ ಅವನು ಕಲ್ಲಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದ. ಕಾಲು ಹಿಂದಕ್ಕೆ ಬರಲು ಹವಣಿಸಿತು. ಅವನು ಬಿಡಲಿಲ್ಲ. ಬಿರುಕಿನೊಳಗಿನ ಉಪ್ಪು ಕರಗಿ ನೀರು ಬೆಳ್ಳಗಾಯಿತು, ಆಮೇಲೆ ಕೆಂಪಾಯಿತು. ಅವಳು ಚೆಲ್ಲಿ ಬೇರೆ ನೀರು ಹಾಕಿದಳು. ಬಲಗಾಲು ಆಮೇಲೆ. ಹಿಮ್ಮಡಿಯಿಂದ ಬೆರಳಿಗೆ, ಬೆರಳಿನಿಂದ ಹಿಮ್ಮಡಿಗೆ. ಇಷ್ಟು ವರ್ಷ ತಾನು ಬೇರೆಯವರಿಗೆ ಏನು ಕೊಡುತ್ತಿದ್ದೆ ಎಂಬುದು ಅವನಿಗೆ ಈಗ ಗೊತ್ತಾಯಿತು. ಅವನು ಅತ್ತ. ಅಳುವುದನ್ನು ಊರು ನೋಡಿತು.

ಅವಳು ಒರೆಸಿ, ಹೊಸ್ತಿಲ ಕಡೆ ತಿರುಗಿಸಿ, ಹೋಗಿ ಎಂದಳು.

ಪದ್ಧತಿಯಂತೆ ಅವಳು ಈಗ ಬೋಗುಣಿಯಮ್ಮ. ಬಾಗಿಲಜ್ಜಿ ಬಾಗಿಲು ತೆರೆದಳು. ಮೂವತ್ತು ವರ್ಷ ಬೆನ್ನಿನಿಂದ ಕೇಳಿದ ಮನೆ ಮುಂದಿತ್ತು, ಒಂದು ಹೆಜ್ಜೆ ಹಾಕಿದರೆ ಒಳಗೆ. ಅವನು ಹೊಸ್ತಿಲ ಮೇಲೆ ನಿಂತು, ಯಾಕೋ ತಿರುಗಿ ನೋಡಿದ. ಅವಳು ಬೋಗುಣಿಯ ಹಿಂದೆ ಮಂಡಿಯೂರಿಕೊಂಡು ಮುಂದಿನ ಕಾಲಿಗಾಗಿ ಕಾಯುತ್ತಿದ್ದಳು. ಅವಳ ಅಂಗಾಲುಗಳು ಹಿಂದಕ್ಕೆ ಚಾಚಿದ್ದವು, ಬೆಳ್ಳಗೆ ಉಪ್ಪು ಹತ್ತಿದ್ದವು. ಇನ್ನು ಮೇಲೆ ಆ ಗೋಡೆ ಅವಳದು. ಆ ಜಾಗವನ್ನು ಅವನು ಹೊಸ್ತಿಲಿನಿಂದ ಯಾವತ್ತೂ ನೋಡಿರಲಿಲ್ಲ. ಅಲ್ಲಿ ಕೂತವರು ಎಷ್ಟು ಒಂಟಿಯಾಗಿ ಕಾಣುತ್ತಾರೆ ಎಂದು ಅವನಿಗೆ ಗೊತ್ತಿರಲಿಲ್ಲ.

ಅವನು ಇಳಿದು ಬಂದು ಅವಳ ಎದುರು ಮಂಡಿಯೂರಿದ.

“ಕಾಲು ಕೊಡು,” ಎಂದ.

ಅವಳು ಕಾಲನ್ನು ಸೀರೆಯ ಕೆಳಗೆ ಎಳೆದುಕೊಂಡಳು. ಹಾಗೆ ಪದ್ಧತಿಯಿಲ್ಲ ಎಂದಳು. ಯಜಮಾನನೂ ಅದನ್ನೇ ಅಂದ, ಸ್ವಲ್ಪ ಜೋರಾಗಿ. ಅಯ್ಯ ಬಾಗಿಲ ಮೇಲಿನ ಕಲ್ಲು ತೋರಿಸಿ, ಅಲ್ಲಿ ಏನು ಬರೆದಿದೆ ಎಂದು ಕೇಳಿದ. ಉಪ್ಪಿನ ಕಾಲು ಒಳಗೆ ಬರಬಾರದು. ಅಷ್ಟೇ ಇತ್ತು. ತೊಳೆಯುವವನ ಕಾಲನ್ನು ತೊಳೆಯಬಾರದೆಂದು ಎಲ್ಲಿಯೂ ಇರಲಿಲ್ಲ. ಊರೆಲ್ಲ ಕಲ್ಲನ್ನು ಮೊದಲ ಸಲ ಓದುವವರಂತೆ ಓದಿತು. ಬಾಗಿಲಜ್ಜಿ ಹೊಸ್ತಿಲ ಮೇಲೆ ನಿಂತುಕೊಂಡು ಮೆಲ್ಲಗೆ ಹೇಳಿದಳು: “ಮೊದಲು ಬಂದಾತ ಎಲ್ಲರ ಜೊತೆ ಕೂತೇ ರೊಟ್ಟಿ ಮುರಿದಿದ್ದಲ್ವೇ. ಉಳಿದದ್ದು ನಾವೇ ಸೇರಿಸಿಕೊಂಡಿದ್ದು.”

ಬಾವಿಯಕ್ಕ ಕಾಲನ್ನು ಹೊರಗೆ ಚಾಚಿದಳು. ಅದು ನಡುಗುತ್ತಿತ್ತು. ನಡುಕ ಯಾತರದ್ದೆಂದು ಆ ಊರಿನಲ್ಲಿ ಅಯ್ಯನಷ್ಟು ಬಲ್ಲವರು ಯಾರೂ ಇರಲಿಲ್ಲ. ಅವನು ಅವಸರ ಮಾಡಲಿಲ್ಲ.

ಆಮೇಲೆ ಅವರಿಬ್ಬರೂ ಸೇರಿ ಊರಿನ ಕಾಲು ತೊಳೆದರು. ಕೆಲವರು ತೊಳೆಸಿಕೊಳ್ಳದೆ ಮನೆಗೆ ಹೋದರು. ಯಜಮಾನ ಬಹಳ ಹೊತ್ತು ಅಂಗಳದ ಅಂಚಿನಲ್ಲಿ ನಿಂತಿದ್ದು, ಕಡೆಗೆ ಬಾಗಿಲಜ್ಜಿಯ ಹಿಂದೆ ಬಂದು ಕಾಲು ಕೊಟ್ಟ. ಉಳಿದವರೆಲ್ಲ ಒಳಗೆ ಹೋದರು, ಕಡೆಯಲ್ಲಿ ಅವರಿಬ್ಬರು.

ಒಳಗೆ ಅವನು ಊಹಿಸಿದಷ್ಟು ಬೆಳಕಿರಲಿಲ್ಲ. ಒಂದು ಉದ್ದನೆಯ ಮೇಜು, ಎರಡೂ ಪಕ್ಕಕ್ಕೆ ಮಣೆಗಳು. ಜನ ಕೂತು ಕೂತು ಮಣೆಗಳೆಲ್ಲ ನುಣುಪಾಗಿ ಹೊಳೆಯುತ್ತಿದ್ದವು. ಬಾಗಿಲಿಗೆ ಹತ್ತಿರದ ಒಂದು ಮಾತ್ರ ಒರಟಾಗಿತ್ತು, ಬಡಗಿಯ ಬಾಚಿಯ ಏಟು ಇನ್ನೂ ಹಾಗೇ ಕಾಣುತ್ತಿತ್ತು. ಅದರ ಮುಂದೆ, ಮೇಜಿನ ಮೇಲೆ, ಎಲ್ಲರ ಮುಂದೆ ಇದ್ದ ಹಾಗೆಯೇ ಒಂದು ರೊಟ್ಟಿ ಇತ್ತು. ಇದು ಯಾರದೆಂದು ಅವನು ಕೇಳಿದ.

“ನಿಮ್ಮದೇ,” ಎಂದಳು ಬಾಗಿಲಜ್ಜಿ. “ಪ್ರತಿ ಏಳನೆ ದಿನ ಇಡ್ತೀವಿ. ಹಾಡು ಮುಗಿದ ಮೇಲೆ ಹಕ್ಕಿಗೆ ಹಾಕ್ತೀವಿ.”

“ಒಂದು ದಿನ ಆದರೂ ಹೇಳಬಾರದಿತ್ತೇ?”

“ನಿಮಗೆ ಗೊತ್ತಿರುತ್ತೆ ಅಂದ್ಕೊಂಡ್ವಿ. ನಮ್ಮ ಎಲ್ಲಾ ಗುಟ್ಟೂ ಗೊತ್ತಿರೋರಲ್ವೇ ನೀವು.”

ಅವನು ಒರಟು ಮಣೆಯ ಮೇಲೆ ಕೂತ. ಪಕ್ಕದವರು ಸ್ವಲ್ಪ ಸ್ವಲ್ಪ ಸರಿದು ಬಾವಿಯಕ್ಕನಿಗೂ ಜಾಗ ಮಾಡಿದರು. ಹಾಡು ಎದ್ದಿತು. ಗೋಡೆಯಿಲ್ಲದೆ ಕೇಳಿದರೆ ಅದು ಅಷ್ಟೇನೂ ಇಂಪಾಗಿರಲಿಲ್ಲ. ಯಜಮಾನ ತಾಳ ತಪ್ಪುತ್ತಿದ್ದ, ಯಾರೋ ಕೆಮ್ಮುತ್ತಿದ್ದರು. ಅವನಿಗೆ ಅದು ಸಾಕಾಗಿತ್ತು. ಅವನು ಮೇಜಿನ ಉದ್ದಕ್ಕೂ ಒಂದೊಂದೇ ಮುಖ ನೋಡುತ್ತ ಹೋದ. ಕಾಲು ನೋಡಿ ಗುರುತಿಸುತ್ತಿದ್ದವರ ಮುಖ ನೋಡಲು ಸಮಯ ಹಿಡಿಯಿತು. ನೋಡುತ್ತ ನೋಡುತ್ತ ಅತ್ತ ಕಡೆಯ ತುದಿಯಲ್ಲಿ ಖಾಲಿಯಿದ್ದ ಒಂದು ಮಣೆಗೆ ಅವನ ಕಣ್ಣು ನಿಂತಿತು. ನುಣುಪಾಗಿ ಹೊಳೆಯುವ ಮಣೆ. ಇಪ್ಪತ್ತೆಂಟು ವರ್ಷ ತಪ್ಪದೆ ಬಂದು ಕೂತವನದು.

ಅವನು ತನ್ನ ರೊಟ್ಟಿಯನ್ನು ಎರಡಾಗಿ ಮುರಿದ. ಒಂದು ಪಾಲನ್ನು ಬಾವಿಯಕ್ಕನಿಗೆ ಕೊಟ್ಟ. ಇನ್ನೊಂದನ್ನು ಬಾಯಿಗಿಡದೆ ಅರಿವೆಯಲ್ಲಿ ಸುತ್ತಿಕೊಂಡು ಎದ್ದ. ಹಾಡು ಇನ್ನೂ ಮುಗಿದಿರಲಿಲ್ಲ. ಮೂವತ್ತು ವರ್ಷ ಕಾದು ಬಂದವನು ಇಷ್ಟು ಬೇಗ ಎಲ್ಲಿಗೆ ಹೊರಟ ಎಂದು ಜನ ನೋಡಿದರು. ಬಾವಿಯಕ್ಕನಿಗೆ ಗೊತ್ತಾಯಿತು. ಕಾಲಿಗೆ ಮತ್ತೆ ಉಪ್ಪು ಹತ್ತುತ್ತದೆ ಎಂದಳು, ಅಷ್ಟೇ. ಹತ್ತಲಿ, ಬಂದಾಗ ತೊಳೆಯುತ್ತೀಯಲ್ಲ ಎಂದ ಅಯ್ಯ. ಹಾಗೆ ಕೇಳುವುದು ಅವನಿಗೆ ಇನ್ನೂ ಹೊಸದು, ದನಿ ಸ್ವಲ್ಪ ತಡವರಿಸಿತು.

ಕೊಡದ ತಳದಲ್ಲಿ ಉಳಿದಿದ್ದ ನೀರನ್ನೂ ಬೋಗುಣಿಯನ್ನೂ ಎತ್ತಿಕೊಂಡು ಅವನು ಪಾತಿಗಳ ಮೇಲೆ ಹೊರಟ. ಕಾಲಿಗೆ ಬಟ್ಟೆಯಿರಲಿಲ್ಲ. ಬದು ದಾಟಿದರೆ ಬದು, ಪಾತಿ ದಾಟಿದರೆ ಪಾತಿ. ಹಿಂದೆ ಹಾಡು ಸಣ್ಣದಾಗುತ್ತ ಆಗುತ್ತ ಕೇಳದೇ ಹೋಯಿತು. ಕಡೆಯ ಪಾತಿಯ ಬಳಿ ಆ ಮನೆ. ಗೋಡೆಯ ತುಂಬ ಬುಟ್ಟಿಗಳು, ಒಂದರ ಮೇಲೊಂದು, ಯಾರೂ ಉಪ್ಪು ತುಂಬದ ಬುಟ್ಟಿಗಳು. ಬಾಗಿಲು ಹಾಕಿತ್ತು.

ಅವನು ಬಾಗಿಲು ತಟ್ಟಿ, ತಾನು ಬಂದಿರುವುದಾಗಿ ಹೇಳಿದ. ಒಳಗೆ ಯಾರೋ ಮಿಸುಕಿದ ಸದ್ದಾಯಿತು, ಆಮೇಲೆ ಅದೂ ನಿಂತಿತು. ತಪ್ಪಾಯಿತು ಎಂದ. ಬಾಗಿಲು ತೆರೆಯಲಿಲ್ಲ.

ಅಯ್ಯ ಬೋಗುಣಿಯನ್ನು ಮೆಟ್ಟಿಲ ಮುಂದೆ ಇಟ್ಟ. ಅದಕ್ಕೆ ನೀರು ಬಗ್ಗಿಸಿದ. ರೊಟ್ಟಿಯನ್ನು ಬಿಸಿಲು ತಾಗದ ಕಡೆ ಇಟ್ಟು, ಗೋಡೆಗೆ ಬೆನ್ನು ಕೊಟ್ಟು ಕೂತ. ಮುಚ್ಚಿದ ಬಾಗಿಲ ಹೊರಗೆ ಕೂರುವುದು ಅವನಿಗೆ ಮೂವತ್ತು ವರ್ಷದ ಅಭ್ಯಾಸ.